ರೇಟಿನಕ್ಕನ ಜೊತೆ ನಿಟ್ಟೂರಿಗೆ ಹೋದದ್ದು

ಬಿ.ಕಾಂ. ಮುಗಿಸಿ ತೀರ್ಥಹಳ್ಳಿಯಿಂದ ಸಾಗರಕ್ಕೆ ಕೆಲಸ ಕೇಳಿಕೊಂಡು ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಅಲ್ಲಿನ ಒಂದು ವಾರಪತ್ರಿಕೆಗೆ ಲೆಕ್ಕ ಗೊತ್ತಿರುವ, ಕನ್ನಡ ಟೈಪಿಂಗ್ ಬರುವ ಒಬ್ಬರು ಬೇಕಾಗಿದ್ದರು. ಕಚೇರಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ನನ್ನನ್ನು ಸಂದರ್ಶನ ಮಾಡಿದವರು ಸಂಪಾದಕರಲ್ಲ, ಕಿಟಕಿಯ ಪಕ್ಕ ಕೂತು ಕಾಗದದ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಿದ್ದ, ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ನನ್ನ ಅಂಕಪಟ್ಟಿಯನ್ನು ಅವರು ನೋಡಲೇ ಇಲ್ಲ. ಮೇಜಿನ ಮೇಲಿದ್ದ ಒಂದು ವಿಮೆಯ ಕರಪತ್ರ ತೆಗೆದು ನನ್ನ ಕೈಗಿಟ್ಟು, "ಬಾ, ಕೆಳಗೆ ಹೋಗೋಣ" ಎಂದರು.

ಮೆಟ್ಟಿಲಿನ ಬುಡದಲ್ಲಿ ಒಬ್ಬ ಹೂವಿನವಳು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. "ಈ ಪಾಲಿಸಿಯಲ್ಲಿ ಏನಿದೆ ಅಂತ ಇವಳಿಗೆ ಹೇಳು" ಎಂದರು. ನಾನು ಪ್ರಥಮ ದರ್ಜೆಯಲ್ಲಿ ಪಾಸಾದವಳು. ಗಂಟಲು ಸರಿಮಾಡಿಕೊಂಡು ಪರಿಪಕ್ವತಾ ಮೌಲ್ಯ, ಅಧಿಲಾಭಾಂಶ, ಶರಣಾಗತಿ ಮೌಲ್ಯ ಎಂದು ಶುರು ಮಾಡಿದೆ. ಹೂವಿನವಳು ಮಾಲೆ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ, "ಅಕ್ಕಾ, ಈ ಹುಡುಗಿಗೆ ಹುಷಾರಿಲ್ವಾ?" ಎಂದು ಕೇಳಿದಳು.

ನನಗೆ ಅಳುವೇ ಬಂತು. ಅಕ್ಕ ಮಾತ್ರ ನಗುತ್ತಾ, "ನಾಳೆಯಿಂದ ಬಾ. ಓದಿದ್ದನ್ನ ಮರೆಸೋಕೆ ಆರು ತಿಂಗಳು ಸಾಕು" ಎಂದರು.

ಅವರನ್ನು ಎಲ್ಲರೂ ರೇಟಿನಕ್ಕ ಎನ್ನುತ್ತಿದ್ದರು. ಅಡಿಕೆಯ ದರ ಬರೆಯುತ್ತಲೇ ಪತ್ರಿಕೋದ್ಯಮಕ್ಕೆ ಬಂದವರಾದ್ದರಿಂದ ಆ ಹೆಸರು. ಹಣಕಾಸಿನ ವಿಷಯವನ್ನು ಮನೆಯ ಮಾತಿನಲ್ಲಿ ಬರೆಯಬಹುದು ಎಂದು ನಮ್ಮ ಕಡೆ ಮೊದಲು ತೋರಿಸಿದವರು ಅವರು. ಈಗ ಬೆಂಗಳೂರಿನ ದೊಡ್ಡ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿರುವ ಒಂದಿಬ್ಬರು ಅವರ ಹತ್ತಿರ ಬೈಸಿಕೊಂಡೇ ಬರೆಯಲು ಕಲಿತವರು. ಅಕ್ಕನಿಗೆ ಕಲಿಸಿದವರು ಮಾತ್ರ ಯಾರೂ ಇರಲಿಲ್ಲ.

ಅವರು ಹುಟ್ಟಿದ ಊರು ಲಿಂಗನಮಕ್ಕಿಯ ಹಿನ್ನೀರಿನಡಿ ಇದೆ. ಮುಳುಗಡೆಯ ಪರಿಹಾರದ ಕಾಗದ ಮನೆಗೆ ಬಂದಾಗ ಅವರು ಎರಡನೇ ಕ್ಲಾಸಿನಲ್ಲಿದ್ದರಂತೆ. ಕಾಗದ ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓದು ಬಲ್ಲ ಮೂವರ ಹತ್ತಿರ ಹೋದರು. ಮೂವರೂ ಮೂರು ಅರ್ಥ ಹೇಳಿ ಕಳಿಸಿದರು. ಕಾಗದದಲ್ಲಿ ತಪ್ಪೇನೂ ಇರಲಿಲ್ಲ, ಓದಲು ಬಾರದಿದ್ದುದೇ ತೊಂದರೆಯಾಗಿತ್ತು ಎಂದು ಅಕ್ಕ ಹೇಳುತ್ತಿದ್ದರು. "ಅಪ್ಪ ಆ ರಾತ್ರಿ ಉಣ್ಣಲಿಲ್ಲ. ಊರು ಹೋಗ್ತದೆ ಅಂತಲ್ಲ. ಕೈಯಲ್ಲಿ ಹಿಡಿದಿದ್ದು ಏನು ಅಂತ ಗೊತ್ತಾಗಲಿಲ್ವಲ್ಲ ಅಂತ." ಈ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಹೇಳಿ ಮುಗಿಸಿದ ಕೂಡಲೇ, "ಆ ಪುಟದ ಪ್ರೂಫ್ ಆಯ್ತಾ?" ಎಂದು ಕೇಳಿದ್ದರು.

ಮೊದಲು ಅವರು ಅದೇ ಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದರು. ಅಡಿಕೆ ದರವನ್ನು ಯಾರೋ ಒಬ್ಬ ವ್ಯಾಪಾರಿ ಫೋನಿನಲ್ಲಿ ಹೇಳುತ್ತಿದ್ದ, ಪತ್ರಿಕೆ ಅದನ್ನೇ ಅಚ್ಚು ಹಾಕುತ್ತಿತ್ತು. ಒಂದು ವಾರ ಫೋನು ಕೆಟ್ಟಿತ್ತು. ತಾವೇ ಹೋಗಿ ಕೇಳಿಕೊಂಡು ಬರುತ್ತೇನೆ ಎಂದು ಅಕ್ಕ ಮಂಡಿಗೆ ಹೊರಟರು. ಟೆಂಡರ್ ಕೂಗುವ ಜಾಗದಲ್ಲಿ ಒಬ್ಬರು, "ಇಲ್ಲಿ ಹೆಂಗಸರಿಗೆ ಎಂತ ಕೆಲಸ?" ಎಂದರಂತೆ. "ಈ ಚೀಲದಲ್ಲಿರೋ ಅಡಿಕೆ ಸುಲಿದವರು ಯಾರು ಹಾಗಾದ್ರೆ?" ಎಂದು ಕೇಳಿ ಅಕ್ಕ ಅಲ್ಲೇ ನಿಂತರು. ಸಂಜೆಯವರೆಗೂ ನಿಂತರು.

ಹಾಗೆ ನಿಂತಾಗ ಅವರಿಗೆ ಒಂದು ವಿಷಯ ಹೊಳೆಯಿತು. ಪತ್ರಿಕೆಯಲ್ಲಿ ಬರುತ್ತಿದ್ದ ದರ ಆ ವಾರ ಯಾರೋ ಒಬ್ಬರ ಒಂದೆರಡು ಚೀಲಕ್ಕೆ ಸಿಕ್ಕ ಅತಿ ಹೆಚ್ಚಿನ ದರ. ಊರಲ್ಲಿ ಕೂತು ಅದನ್ನು ಓದಿದವರು ತಮಗೂ ಅಷ್ಟೇ ಸಿಗುತ್ತದೆಂದು ಬಂದು, ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದರು. ಮುಂದಿನ ವಾರದಿಂದ ಅಕ್ಕ ಮೂರು ದರ ಬರೆದರು. ಅತಿ ಕಡಿಮೆ, ಅತಿ ಹೆಚ್ಚು, ನಡುವೆ ದಪ್ಪಕ್ಷರದಲ್ಲಿ 'ಬಹಳ ಜನಕ್ಕೆ ಸಿಕ್ಕಿದ್ದು'. ಅದಕ್ಕೆ ಕಾಲೇಜಿನಲ್ಲಿ ಬೇರೆ ಹೆಸರಿದೆ ಎಂದು ನಾನು ಸೇರಿದ ಹೊಸತರಲ್ಲಿ ಅವರಿಗೆ ಹೇಳಿದೆ. "ಇರಲಿ ಬಿಡು, ಅವರವರ ಮನೇಲಿ ಒಂದೊಂದು ಹೆಸರಲ್ಲಿ ಕರೀತಾರೆ" ಎಂದರು.

ನಾನು ಸೇರುವ ಹೊತ್ತಿಗೆ ಅವರ ಪುಟ ಬೆಳೆದಿತ್ತು. ಬ್ಯಾಂಕಿನ ಬಡ್ಡಿ, ಚಿನ್ನದ ಸಾಲ, ವಿಮೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಎಲ್ಲ ಅದರಲ್ಲಿ ಬರುತ್ತಿತ್ತು. ವರದಿಯನ್ನು ಅವರು ಹಿಂದಿನಿಂದ ಓದುತ್ತಿದ್ದರು. ಮುಂದಿನ ಪುಟದಲ್ಲಿ ಅಧ್ಯಕ್ಷರ ಫೋಟೋ ಇರುತ್ತದೆ, ಸಂಗತಿ ಇರುವುದು ಕೊನೆಯ ಸಣ್ಣಕ್ಷರದ ಟಿಪ್ಪಣಿಯಲ್ಲಿ ಎಂಬುದು ಅವರ ಅನುಭವ. ಬರೆದದ್ದನ್ನೆಲ್ಲ ನಾನು ಹೂವಿನವಳಿಗೆ ಓದಿ ಹೇಳಬೇಕಿತ್ತು. ಅವಳು ಹೂವು ಕಟ್ಟುತ್ತಲೇ ಇದ್ದರೆ ಬರಹ ಸರಿ ಇದೆ ಎಂದರ್ಥ. ಕೈ ನಿಂತರೆ ಆ ಸಾಲು ತಿದ್ದಬೇಕು.

ಸೇರಿ ಒಂದು ವರ್ಷವಾಗಿರಬಹುದು. ನಿಟ್ಟೂರಿನಿಂದಾಚೆಗೆ ಹಾಳೆತಟ್ಟೆ ಮಾಡುವ ಹೆಂಗಸರ ಒಂದು ಸಂಘವಿತ್ತು. ಅಡಿಕೆ ಹಾಳೆಯನ್ನು ತೊಳೆದು, ಯಂತ್ರದಲ್ಲಿ ಒತ್ತಿ ಊಟದ ತಟ್ಟೆ ಮಾಡುತ್ತಿದ್ದರು. ಹೊಸನಗರದ ಒಂದು ಸಭೆಗೆ ಹೋಗಿದ್ದಾಗ ಅವರ ವಾರ್ಷಿಕ ವರದಿ ಯಾರ ಬಳಿಯೋ ಕಂಡು, ನಾನು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಬಸ್ಸಿಗೆ ಹೊತ್ತಾಗಿತ್ತು. ಅಂಗಡಿಯವ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕೊಟ್ಟ, ನಾನು ಬ್ಯಾಗಿಗೆ ತುರುಕಿಕೊಂಡು ಓಡಿದೆ.

ಅಕ್ಕ ಎಂದಿನಂತೆ ಹಿಂದಿನಿಂದ ಓದಿದರು. ಹಿಂದಿನ ವರ್ಷ ಬ್ಯಾಂಕಿನಲ್ಲಿದ್ದ ಹಣದಲ್ಲಿ ಬಹುಪಾಲು ಈ ವರ್ಷ ಇರಲಿಲ್ಲ. ಎಲ್ಲಿಗೆ ಹೋಯಿತು ಎನ್ನುವ ಮಾತು ಎಲ್ಲೂ ಇರಲಿಲ್ಲ. ಅವರ ಹುಬ್ಬು ಮೇಲೇರಿತು. ಆ ವಾರ ಮೊದಲ ಪುಟದಲ್ಲೇ ಬಂತು: 'ಹಾಳೆತಟ್ಟೆಯ ಹಣ ಎಲ್ಲಿ?' ಬೈದು ಬರೆದಿರಲಿಲ್ಲ. ಪ್ರಶ್ನೆ ಅಷ್ಟೇ ಕೇಳಿದ್ದರು. ಆದರೆ ಮೊದಲ ಪುಟದಲ್ಲಿ ಕೇಳಿದ ಪ್ರಶ್ನೆಯನ್ನು ಜನ ಉತ್ತರವೆಂದೇ ಓದುತ್ತಾರೆ. ಅದು ನನಗೆ ಆಮೇಲೆ ಗೊತ್ತಾಯಿತು.

ಪತ್ರಿಕೆ ಹೊರಬಿದ್ದ ಮೂರನೇ ದಿನ ಕಚೇರಿಯ ಫೋನು ಬಡಿದುಕೊಂಡಿತು. ಎತ್ತಿದ್ದು ನಾನು. ಆ ಕಡೆಯಿಂದ ಒಬ್ಬ ಹೆಂಗಸಿನ ಸ್ವರ, ಸಿಟ್ಟಿಲ್ಲದೆ, ತಣ್ಣಗೆ.

"ನಮ್ಮ ದುಡ್ಡು ಎಲ್ಲಿ ಅಂತ ಕೇಳಿದ್ರಲ್ಲ. ಎಲ್ಲೂ ಹೋಗಿಲ್ಲ. ನಮ್ಮನೆ ಕೊಟ್ಟಿಗೇಲಿ ಇದೆ. ಬಂದು ನೋಡ್ಕೊಂಡು ಹೋಗಿ."

ಅವರು ಸಂಘದ ಅಧ್ಯಕ್ಷೆ. ಕೊಟ್ಟಿಗೆಯಲ್ಲಿದ್ದದ್ದು ಹೊಸದಾಗಿ ಕೊಂಡ ತಟ್ಟೆ ಒತ್ತುವ ಯಂತ್ರ. "ವರದೀಲಿ ಬರ್ದಿದೆ. ಹತ್ತನೇ ಪುಟ" ಎಂದು ಹೇಳಿ ಫೋನು ಇಟ್ಟರು.

ನಾನು ಕಡತ ತೆಗೆದು ನೋಡಿದೆ. ಒಂಬತ್ತನೇ ಪುಟವಿತ್ತು, ಹನ್ನೊಂದಿತ್ತು. ಹತ್ತು ಇರಲಿಲ್ಲ. ಒಂಬತ್ತರ ಹಿಂಬದಿಯನ್ನು ನಾನು ಜೆರಾಕ್ಸ್ ಮಾಡಿಸಿರಲೇ ಇಲ್ಲ. ಅಕ್ಕನಿಗೆ ಹೇಳದೆ ಊರಿಗೆ ಹೋಗಿಬಿಡೋಣ ಎಂದು ಅನ್ನಿಸಿತು. ತೀರ್ಥಹಳ್ಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾಗಲೇ ಅವರು ಒಳಗೆ ಬಂದರು. ಹೇಳಿದೆ.

ಅವರು ಹಾಳೆಗಳನ್ನು ತೆಗೆದುಕೊಂಡು ತಿರುವಿದರು.

"ನೀನು ಅರ್ಧ ತಂದೆ. ಸರಿ. ಒಂಬತ್ತಾದ ಮೇಲೆ ಹನ್ನೊಂದು ಬಂದಿದ್ದು ನಂಗೆ ಕಾಣ್ಬೇಕಿತ್ತಲ್ಲ ಮಾರಾಯ್ತಿ. ಊರವರ ಲೆಕ್ಕ ನೋಡೋಕೆ ಹೋಗಿ ಪುಟದ ಸಂಖ್ಯೆ ನೋಡ್ಲಿಲ್ಲ ನಾನು."

"ನನ್ನದೇ ತಪ್ಪು ಅಕ್ಕ."

"ಹೆಸರು ಯಾರದ್ದು ಹಾಕಿದ್ದಾರೆ ಬರಹಕ್ಕೆ? ನನ್ನದು. ಹಾಗಾಗಿ ತಪ್ಪೂ ನನ್ನದೇ. ನಿನ್ನದು ಬೇರೆ ತಪ್ಪು, ಅದನ್ನ ಆಮೇಲೆ ಬೈತೀನಿ."

ಸಂಪಾದಕರು ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. ಒಳಪುಟದಲ್ಲಿ ಒಂದು ಸಣ್ಣ ಸ್ಪಷ್ಟೀಕರಣ ಹಾಕಿದರೆ ಸಾಕು ಎಂದರು. ಏಳನೇ ಪುಟದಲ್ಲಿ, ಮನೆ ಬಾಡಿಗೆಗಿದೆ ಎನ್ನುವ ಜಾಹೀರಾತುಗಳ ಕೆಳಗೆ ಜಾಗವಿತ್ತು.

ಅಕ್ಕ ಅವರ ಮೇಜಿನ ಎದುರು ನಿಂತರು. "ತಪ್ಪನ್ನ ಮೊದಲನೇ ಪುಟದಲ್ಲಿ ಕೂತು ಮಾಡಿದ್ದೀವಿ. ಕ್ಷಮೆಯನ್ನ ಏಳನೇ ಪುಟದಲ್ಲಿ ನಿಂತು ಕೇಳೋದಾ?"

"ಪತ್ರಿಕೆ ಮರ್ಯಾದೆ ಪ್ರಶ್ನೆ ಅಲ್ವಾ ಅಕ್ಕಾ?"

"ಅದಕ್ಕೇ ಹೇಳ್ತಿರೋದು."

ಮುಂದಿನ ವಾರ ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬಂತು: 'ಹಾಳೆತಟ್ಟೆಯ ಹಣ ಕೊಟ್ಟಿಗೆಯಲ್ಲಿದೆ. ನಾನು ತಪ್ಪು ಓದಿದೆ.' ಕೆಳಗೆ ಅವರ ಹೆಸರು. ನನ್ನ ಹೆಸರು ಎಲ್ಲೂ ಇರಲಿಲ್ಲ.

ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಪತ್ರಿಕೆ ಬಂದ ಮರುದಿನ ಬೆಳಿಗ್ಗೆ ಅಕ್ಕ ಹತ್ತು ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು, "ನಡಿ, ಕೊಟ್ಟಿಗೆ ನೋಡ್ಕೊಂಡು ಬರೋಣ" ಎಂದರು.

ಸಾಗರದಿಂದ ಹೊಸನಗರಕ್ಕೆ ಒಂದು ಖಾಸಗಿ ಬಸ್ಸು, ಅಲ್ಲಿಂದ ನಿಟ್ಟೂರಿಗೆ ಇನ್ನೊಂದು. ಮೊದಲ ಬಸ್ಸಿನಲ್ಲೇ ಹಿಂದಿನ ಸೀಟಿನವರೊಬ್ಬರು ಅಕ್ಕನ ಗುರುತು ಹಿಡಿದರು. "ರೇಟಿನಕ್ಕ ಅಲ್ವಾ? ನಮ್ಮಲ್ಲಿ ಸ್ವಲ್ಪ ಚಾಲಿ ಅಡಿಕೆ ಉಳ್ದಿದೆ. ಈಗ ಕೊಡ್ಲಾ, ಇನ್ನೊಂದು ತಿಂಗಳು ಇಟ್ಕಳ್ಲಾ?"

"ನಾನು ಬರೆಯೋದು ನಿನ್ನೆ ಎಂತ ಆಯ್ತು ಅಂತ. ನಾಳೆದು ಹೇಳೋರು ಬಸ್‌ಸ್ಟ್ಯಾಂಡಿನ ಹತ್ರ ಗಿಳಿ ಇಟ್ಕೊಂಡು ಕೂತಿರ್ತಾರೆ."

ಬಸ್ಸೆಲ್ಲ ನಕ್ಕಿತು. ಕೇಳಿದವರೂ ನಕ್ಕರು. ಅಕ್ಕ ಮಾತ್ರ ತಿರುಗಿ ಕೂತು ಅವರನ್ನೇ ವಿಚಾರಿಸಿದರು. ಮನೆಯಲ್ಲಿ ಈಗ ಹಣದ ಜರೂರು ಇದೆಯೇ, ಚೀಲ ಇಡಲು ಒಣಗಿದ ಜಾಗ ಇದೆಯೇ, ಕಳೆದ ಮೂರು ವರ್ಷ ಇದೇ ತಿಂಗಳಲ್ಲಿ ಎಷ್ಟಕ್ಕೆ ಕೊಟ್ಟಿದ್ದಿರಿ ಎಂದು. ಹೊಸನಗರ ಬರುವಷ್ಟರಲ್ಲಿ ಆ ಮನುಷ್ಯ ತಾನೇ ಒಂದು ತೀರ್ಮಾನಕ್ಕೆ ಬಂದಿದ್ದ. ಏನು ಅಂತ ಅಕ್ಕ ಕೇಳಲಿಲ್ಲ.

ನಿಟ್ಟೂರಿನಲ್ಲಿ ಇಳಿದು ಒಂದು ಆಟೋ ಹಿಡಿದೆವು. ಅಧ್ಯಕ್ಷೆ ಅಂಗಳದಲ್ಲೇ ಸಿಕ್ಕರು. ಎತ್ತರದ, ಐವತ್ತರ ಹೆಂಗಸು. ಬನ್ನಿ ಎಂದರು, ಆದರೆ ನಗಲಿಲ್ಲ. ನೇರ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಯಂತ್ರ ಹೊಳೆಯುತ್ತಿತ್ತು. ಜಾಗ ಕಳೆದುಕೊಂಡ ದನಗಳನ್ನು ಹೊರಗಿನ ಚಪ್ಪರದಲ್ಲಿ ಕಟ್ಟಿದ್ದರು. ಅವು ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದವು. ಕೆಲಸ ಮಾಡುತ್ತಿದ್ದ ಆರು ಜನ ಹೆಂಗಸರು ಎದ್ದು ನಿಂತರು.

ಅಕ್ಕ ಚೀಲದಿಂದ ಪತ್ರಿಕೆ ತೆಗೆದು ಒಬ್ಬೊಬ್ಬರಿಗೂ ಒಂದೊಂದು ಕೊಟ್ಟರು. "ನಿಮ್ಮ ವರದೀಲಿ ತಪ್ಪಿರಲಿಲ್ಲ. ನಾನು ಒಂದು ಪುಟ ಬಿಟ್ಟು ಓದಿದೆ. ಅದನ್ನ ನಿಮ್ಮ ಎದುರಿಗೇ ಹೇಳ್ಬೇಕು ಅಂತ ಬಂದೆ."

ಅಧ್ಯಕ್ಷೆ ಪತ್ರಿಕೆಯನ್ನು ಪೂರ್ತಿ ಓದಿ ಮಡಿಸಿದರು.

"ತೀರ್ಥಹಳ್ಳಿ ಕಡೆ ಒಂದು ಮದುವೆ ಮನೆಯವ್ರು ತಟ್ಟೆ ಹೇಳಿದ್ರು. ನಿಮ್ಮ ಪೇಪರ್ ನೋಡಿ ಬೇಡ ಅಂದ್ರು. ಎಲ್ಲ ಒತ್ತಿ ಆಗಿತ್ತು." ಮೂಲೆಯಲ್ಲಿ ಚಾವಣಿಯ ತನಕ ಪೇರಿಸಿಟ್ಟಿದ್ದ ತಟ್ಟೆಗಳನ್ನು ತೋರಿಸಿದರು. "ಕ್ಷಮೆ ಕೇಳಿದ್ದು ದೊಡ್ಡತನವೇ. ಇದನ್ನ ಎಂತ ಮಾಡೋದು ಹೇಳಿ."

ಅಕ್ಕ ಆ ತಟ್ಟೆಗಳ ಗೋಡೆಯನ್ನೇ ನೋಡುತ್ತಾ ನಿಂತರು. ಕೊನೆಗೆ, "ಅವರ ಮನೆ ಎಲ್ಲಿ ಅಂತ ಹೇಳಿ" ಎಂದರು.

ಹೊರಟವರನ್ನು ತಡೆದದ್ದು ಅವರಲ್ಲೇ ಹಿರಿಯರಾದ ಒಬ್ಬ ಅಜ್ಜಿ. "ಊಟದ ಹೊತ್ತು. ಉಂಡ್ಕಂಡೇ ಹೋಗವು. ತಟ್ಟೆಗಂತೂ ಬರ ಇಲ್ಲೆ" ಎಂದರು. ಆಗ ಅಧ್ಯಕ್ಷೆಗೂ ನಗು ಬಂತು. ಅದೇ ತಟ್ಟೆಯಲ್ಲಿ ಅನ್ನ, ಬಾಳೆಕಾಯಿ ಹುಳಿ, ಮಾವಿನಮಿಡಿ ಉಪ್ಪಿನಕಾಯಿ ಬಡಿಸಿದರು. ಊಟವಾದ ಮೇಲೆ ಅಕ್ಕ ತಾವೂ ಒಂದು ತಟ್ಟೆ ಒತ್ತುತ್ತೇನೆಂದು ಯಂತ್ರದ ಮುಂದೆ ನಿಂತರು. ಹಾಳೆ ಓರೆಯಾಗಿ ಕೂತು, ತಟ್ಟೆಗೆ ಒಂದು ಕಡೆ ಅಂಚೇ ಬರಲಿಲ್ಲ. "ಇದೂ ಅರ್ಧ ಓದಿದ ಹಾಗಾಯ್ತು" ಎಂದರು ಅಜ್ಜಿ. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕರು.

ತೀರ್ಥಹಳ್ಳಿಗೆ ಹೋಗಿದ್ದು ಎರಡು ದಿನ ಬಿಟ್ಟು. ಮದುವೆ ಮನೆಯ ಯಜಮಾನರು ನಮ್ಮೂರ ಕಡೆಯ ದೊಡ್ಡ ಜಮೀನುದಾರರು, ನಮ್ಮಪ್ಪನಿಗೂ ಪರಿಚಯದವರು. ಅವರು ಜಗಲಿಯಲ್ಲಿ ಕೂತು ಆಮಂತ್ರಣಕ್ಕೆ ವಿಳಾಸ ಬರೆಸುತ್ತಿದ್ದರು. ಅಕ್ಕ ಪತ್ರಿಕೆಯನ್ನು ಮುಂದಿಟ್ಟು ವಿಷಯ ಹೇಳಿದರು.

"ಪೇಪರಲ್ಲಿ ಬಂದಿದ್ದಲ್ವಾ ಅಂತ ನಂಬಿದ್ವಿ ನಾವು" ಎಂದರು ಯಜಮಾನರು, ಸ್ವಲ್ಪ ಮುಜುಗರದಿಂದ.

"ನಂಬಿದ್ದು ತಪ್ಪಲ್ಲ. ನಾನು ಬರೆದಿದ್ದು ತಪ್ಪು."

ಮದುವೆಯೂಟಕ್ಕೆ ಅವರು ಆಗಲೇ ಬಾಳೆ ಎಲೆ ಹೇಳಿಬಿಟ್ಟಿದ್ದರು. ಅದನ್ನು ಬದಲಿಸಲು ಆಗುವುದಿಲ್ಲ ಎಂದರು. ಅಕ್ಕ ಒತ್ತಾಯಿಸಲಿಲ್ಲ. ಕಾಫಿ ಕುಡಿದು ಏಳುವಾಗ ಒಳಗಿನಿಂದ ಯಜಮಾನರ ಹೆಂಡತಿ ಬಂದು, "ಬೀಗರ ಊಟಕ್ಕೆ ಇನ್ನೂ ಎಂತದೂ ಹೇಳಿಲ್ವಲ್ಲ" ಎಂದರು. ಯಜಮಾನರು ತಲೆ ಕೆರೆದುಕೊಂಡು ಹೂಂ ಎಂದರು. ಹೇಳಿದ್ದರಲ್ಲಿ ಅರ್ಧದಷ್ಟು ತಟ್ಟೆ ಹಾಗೆ ಖಾಲಿಯಾಯಿತು. ಉಳಿದರ್ಧವನ್ನು ಮಾರಲು ಸಂಘದವರಿಗೆ ಆ ವರ್ಷ ಪೂರ್ತಿ ಹಿಡಿಯಿತು. ಅಕ್ಕ ಅದನ್ನು ಆಗಾಗ ಫೋನು ಮಾಡಿ ವಿಚಾರಿಸುತ್ತಿದ್ದರು. ನನ್ನನ್ನು ಬೈಯುವುದಾಗಿ ಹೇಳಿದ್ದನ್ನೂ ಅವರು ಮರೆತಿರಲಿಲ್ಲ. ತೀರ್ಥಹಳ್ಳಿಯಿಂದ ವಾಪಸ್ ಬರುವ ಬಸ್ಸಿನಲ್ಲಿ, ಕಿಟಕಿಯ ಹೊರಗೆ ನೋಡುತ್ತಾ, ಸಾಗರ ಬರುವ ತನಕ ಬೈದರು.

ಈ ಪ್ರಕರಣದಿಂದ ಯಾರೂ ಎಣಿಸದ ಒಂದು ಕೆಲಸ ಶುರುವಾಯಿತು. ಒಂದು ತಿಂಗಳಾದ ಮೇಲೆ ನಿಟ್ಟೂರಿನ ಅಧ್ಯಕ್ಷೆ ತಾವೇ ಸಾಗರಕ್ಕೆ ಬಂದರು, ಕೈಯಲ್ಲಿ ವರದಿ. "ಹತ್ತನೇ ಪುಟ ಅಂತ ನಿಮಗೆ ಹೇಳಿದ್ನಲ್ಲ, ಅದನ್ನ ನಂಗೆ ಆಡಿಟರ್ ಹೇಳಿದ್ದು. ಉಳಿದ ಪುಟದಲ್ಲಿ ಎಂತ ಇದೆ ಅಂತ ನಂಗೂ ಗೊತ್ತಿಲ್ಲ. ಹೇಳಿಕೊಡಿ." ಅಕ್ಕನ ಕಣ್ಣು ಅರಳಿದ್ದನ್ನು ನಾನು ನೋಡಿದೆ.

ಮುಂದಿನ ಭಾನುವಾರದಿಂದ ನಾವಿಬ್ಬರೂ ಊರೂರು ತಿರುಗಿದೆವು. ಹಾಲಿನ ಸಂಘ, ಸೊಸೈಟಿ, ಸ್ತ್ರೀಶಕ್ತಿ ಗುಂಪು, ಯಾರು ಕರೆದರೂ ಹೋಗುತ್ತಿದ್ದೆವು. ಅವರವರ ವರದಿಯನ್ನೇ ಮುಂದಿಟ್ಟುಕೊಂಡು ಅವರವರಿಂದಲೇ ಓದಿಸುವುದು. ಮೊದಲ ಪಾಠ, ಪುಟಗಳನ್ನು ಎಣಿಸುವುದು. ಅದನ್ನು ಹೇಳುವಾಗ ಅಕ್ಕ ನನ್ನತ್ತ ನೋಡದೇ ಇರುತ್ತಿರಲಿಲ್ಲ.

ಇದರ ಪರಿಣಾಮ ಮುಂದಿನ ಮಹಾಸಭೆಗಳಲ್ಲಿ ಕಂಡಿತು. ಅಲ್ಲಿಯವರೆಗೆ ನಮ್ಮ ಕಡೆ ಮಹಾಸಭೆಯೆಂದರೆ 'ವರದಿಯನ್ನು ಓದಲಾಗಿದೆ ಎಂದು ಭಾವಿಸಿ' ಎನ್ನುವುದು, ಎಲ್ಲರೂ ಕೈಯೆತ್ತುವುದು, ಉಪ್ಪಿಟ್ಟು ಕೇಸರಿಬಾತಿನ ಕಡೆ ನಡೆಯುವುದು. ಈಗ ಯಾರೋ ಒಬ್ಬರು ಎದ್ದು, "ಹಾಗೆ ಭಾವಿಸೋದು ಬೇಡ, ಓದೋಣ" ಎನ್ನತೊಡಗಿದರು. ಉಪ್ಪಿಟ್ಟು ಆರಿಹೋಗುತ್ತಿತ್ತು. ಒಬ್ಬ ಕಾರ್ಯದರ್ಶಿ ಪೇಟೆಯಲ್ಲಿ ಅಕ್ಕನನ್ನು ನಿಲ್ಲಿಸಿ, "ನಿಮ್ಮಿಂದಾಗಿ ಈ ಸಲ ಸಭೆ ಸಂಜೆ ಐದಕ್ಕೆ ಮುಗೀತು" ಎಂದು ದೂರಿದರು. "ಲೆಕ್ಕ ಸರಿ ಇತ್ತಾ?" "ಇತ್ತು." "ಹಾಗಾದ್ರೆ ಎಲ್ಲರಿಗೂ ಗೊತ್ತಾಯ್ತಲ್ಲ, ನಿಮಗೇ ಒಳ್ಳೇದು." ಅವರು ಸ್ವಲ್ಪ ಯೋಚಿಸಿ, ಅದೂ ಹೌದು ಎಂದು ಒಪ್ಪಿಕೊಂಡು ಹೋದರು.

ಕೆಲವು ವರ್ಷಗಳ ನಂತರ ತೀರ್ಥಹಳ್ಳಿಯ ಒಂದು ಸಂಸ್ಥೆಯವರು ಅಕ್ಕನಿಗೆ ಸನ್ಮಾನ ಇಟ್ಟುಕೊಂಡರು. ಆರ್ಥಿಕ ಪತ್ರಿಕೋದ್ಯಮದ ಹರಿಕಾರರು ಎಂದೆಲ್ಲ ಫ್ಲೆಕ್ಸ್ ಹಾಕಿಸಿದ್ದರು. ಅಕ್ಕ ವೇದಿಕೆಯ ಮೇಲೆ ಕೂತು ಭಾಷಣಗಳನ್ನೆಲ್ಲ ಕೇಳಿಸಿಕೊಂಡು, ತಮ್ಮ ಸರದಿ ಬಂದಾಗ ಎರಡೇ ಮಾತು ಆಡಿದರು. ಮೊದಲನೆಯದು, ತಾವು ಬರೆದದ್ದರಲ್ಲಿ ಜನಕ್ಕೆ ಹೆಚ್ಚು ನೆನಪಿರುವುದು ತಾವು ತಪ್ಪು ಮಾಡಿದ ವಾರ, ಅದು ಸರಿಯೇ ಆಗಿದೆ ಎಂದು. ಎರಡನೆಯದು, ಹಾರದ ಬದಲು ನಿಮ್ಮ ಸಂಸ್ಥೆಯ ಈ ವರ್ಷದ ವರದಿಯ ಒಂದು ಪ್ರತಿ ಕೊಡಿ ಎಂದು. ಸಂಘಟಕರು ನಕ್ಕರು. ಅಕ್ಕ ನಗದೇ ಕಾಯುತ್ತಿರುವುದನ್ನು ಕಂಡು ಒಬ್ಬರು ಎದ್ದು ಕಚೇರಿಯ ಬೀಗದ ಕೈ ಹುಡುಕಲು ಹೋದರು. ವರದಿ ಸಿಕ್ಕಿತು. ವಾಪಸ್ ಬರುವ ದಾರಿಯಲ್ಲೇ ಓದಿ ಮುಗಿಸಿ, ಚೆನ್ನಾಗಿದೆ ಎಂದರು.

ಈಗ ಆ ಪುಟವನ್ನು ನಾನು ನೋಡಿಕೊಳ್ಳುತ್ತೇನೆ. ಅಡಿಕೆ ದರ ಎಲ್ಲರ ಮೊಬೈಲಿಗೂ ಮಧ್ಯಾಹ್ನದೊಳಗೆ ಬಂದು ಬೀಳುತ್ತದೆ, ಅದಕ್ಕಾಗಿ ಪತ್ರಿಕೆ ಕಾಯುವವರಿಲ್ಲ. ಬೇರೆ ಪ್ರಶ್ನೆಗಳು ಬರುತ್ತವೆ. ಲಿಂಕ್ ಒತ್ತಿದೆ, ಏನಾಗುತ್ತದೆ? ಆ್ಯಪ್‌ನಲ್ಲಿ ಸಾಲ ಕೊಡುತ್ತಾರಂತೆ, ತೆಗೆದುಕೊಳ್ಳಬಹುದೇ? ಎಪ್ಪತ್ತು ದಾಟಿದ ಅಕ್ಕ ಕಚೇರಿಗೆ ಬರುವುದನ್ನು ನಿಲ್ಲಿಸಿದ್ದಾರೆ. ಆದರೆ ಕನ್ನಡಕ ಬದಲಿಸಿಕೊಂಡು, ಮೊಬೈಲಿನಲ್ಲಿ ಬರುವ ಷರತ್ತುಗಳನ್ನು ಕೊನೆಯವರೆಗೂ ಓದುತ್ತಾರೆ. ಊರಲ್ಲಿ ಅಷ್ಟು ತಾಳ್ಮೆ ಇರುವವರು ಅವರೊಬ್ಬರೇ ಇರಬೇಕು.

ಕಳೆದ ವಾರ ನಾನು ಕೂತಿದ್ದಾಗಲೇ ಅವರಿಗೊಂದು ಫೋನು ಬಂತು. ಹಿಂದಿ ಬೆರೆತ ಕನ್ನಡದಲ್ಲಿ ಒಬ್ಬ, ನಿಮ್ಮ ಖಾತೆ ಬಂದ್ ಆಗುತ್ತದೆ, ಕೂಡಲೇ ಮೊಬೈಲಿಗೆ ಬಂದ ಸಂಖ್ಯೆ ಹೇಳಿ ಎಂದ. ಅಕ್ಕ ಸ್ಪೀಕರ್ ಹಾಕಿದರು. ನನಗೆ ಕಾಗದ ಪೆನ್ನು ತೆಗೆದುಕೋ ಎಂದು ಸನ್ನೆ ಮಾಡಿದರು.

"ಹೇಳು ತಮ್ಮಾ" ಎಂದರು, ಬಹಳ ಅಕ್ಕರೆಯಿಂದ. "ನಿಧಾನಕ್ಕೆ ಹೇಳು. ನಿಮ್ಮದು ಎಲ್ಲಿ ಆಫೀಸು? ಸಂಬಳ ತಿಂಗಳಿಗೋ, ಕಮಿಷನ್ನೋ?"

ಅವನು ಹತ್ತು ನಿಮಿಷ ಮಾತಾಡಿದ. ಕೊನೆಗೆ ಅವನೇ ಬೇಸತ್ತು ಫೋನು ಇಟ್ಟ. ಅಕ್ಕ ನಾನು ಬರೆದುಕೊಂಡ ಹಾಳೆಯನ್ನು ಇಸಿದುಕೊಂಡು ಓದಿ, "ಆಫೀಸು ಎಲ್ಲಿ ಅಂತ ಎರಡು ಸಲ ಕೇಳಿದ್ದಕ್ಕೆ ಎರಡು ಬೇರೆ ಉತ್ತರ ಕೊಟ್ಟ ನೋಡು. ಈ ವಾರ ಇದನ್ನೇ ಹಾಕು" ಎಂದರು. ಹಾಕಿದೆ. ಹೂವಿನವಳಿಗೆ ಓದಿ ಹೇಳಿದಾಗ ಅವಳ ಕೈ ಒಮ್ಮೆಯೂ ನಿಲ್ಲಲಿಲ್ಲ. ಮಾಲೆಯ ಗಂಟು ಬಿಗಿಯುತ್ತಾ, ತನಗೂ ಅಂಥದೇ ಫೋನು ಬಂದಿತ್ತು, ಆದರೆ ಸಂಬಳದ ಬಗ್ಗೆ ಕೇಳುವುದು ಹೊಳೆಯಲಿಲ್ಲ ಎಂದಳು.